ಮಧ್ಯಾಹ್ನದವರೆಗೆ ಮಾತ್ರ ಉಚಿತ

ನಮ್ಮೂರ ಸರ್ಕಾರಿ ಶಾಲೆಯ ಕಾಂಪೌಂಡಿಗೆ ಕಟ್ಟಿದ್ದ ಬ್ಯಾನರಿನ ಅರ್ಧವನ್ನು ಮಳೆ ತಿಂದುಹಾಕಿದೆ. ಉಳಿದ ಅರ್ಧದಲ್ಲಿ 'ಉಚಿತ' ಎಂಬ ಪದ ಮಾತ್ರ ದಪ್ಪ ಕೆಂಪು ಅಕ್ಷರಗಳಲ್ಲಿ ಹಾಗೇ ಇದೆ. ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಅದು ಕಣ್ಣಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಪಕ್ಕದಲ್ಲಿ ಪರಿಚಯದವರು ಯಾರಾದರೂ ಕೂತಿದ್ದರೆ ಅವರಿಗೂ ಅದರ ಬಿಸಿ ತಟ್ಟುತ್ತದೆ. ಈಗೀಗ ಕೆಲವರು ನನ್ನನ್ನು ಕಂಡರೆ ಹಿಂದಿನ ಸೀಟಿಗೆ ಹೋಗುತ್ತಾರೆ.

ನನ್ನ ತವರು ಗಾಳಿಬೀಡು. ಗಾಳಿಬೀಡಿನ ಗಾಂಧಾರಿ ಮೆಣಸು ಎಂದು ಮದುವೆಯಾದ ವರ್ಷವೇ ನನ್ನ ಮಾವ ಹೆಸರಿಟ್ಟಿದ್ದರು. ಹತ್ತಿರ ಬಂದವರಿಗೆ ಖಾರ, ದೂರದಿಂದ ನೋಡಿದರೆ ಇಷ್ಟೇ ಇಷ್ಟು. ಗಂಡನ ಮನೆಯಿರುವುದು ಮಡಿಕೇರಿಗೂ ಭಾಗಮಂಡಲಕ್ಕೂ ನಡುವಿನ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಆ ಒಂದು ಊರಿನದು ಮಾತ್ರ ತಪ್ಪು ಅಂದುಕೊಂಡು ಉಳಿದವರೆಲ್ಲ ನೆಮ್ಮದಿಯಾಗಿ ಕಾಫಿ ಕುಡಿಯುತ್ತಾರೆ.

ನಮ್ಮದು ಸಣ್ಣ ತೋಟ. ಲೆಕ್ಕ ಬರೆಯಲು ರೈಟರು, ಮೇಸ್ತ್ರಿ ಎಂದೆಲ್ಲ ಇಟ್ಟುಕೊಳ್ಳುವಷ್ಟಿಲ್ಲ. ಮನೆಯ ಹಿಂದೆ ಕೂಲಿಯವರು ಇರುವ ಒಂದು ಪುಟ್ಟ ಲೈನು ಇದೆ. ಅದರಲ್ಲಿ ಯರವ ಬುಡಕಟ್ಟಿನ ಒಂದು ಕುಟುಂಬ ಬಹಳ ವರ್ಷದಿಂದ ಇದೆ: ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು. ತಾಯಿ ಮಾಕುಟ್ಟದ ಕಡೆಯವಳು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಅವಳು ನನಗೆ ಅಕ್ಕ ಅನ್ನುತ್ತಾಳೆ, ನಾನು ಅವಳಿಗೆ ನೀನು ಅನ್ನುತ್ತೇನೆ. ಇಬ್ಬರಲ್ಲಿ ಹಿರಿಯಳು ಅವಳೇ ಇರಬಹುದು. ಇಲ್ಲಿ ಯಾರಿಗೆ ಯಾರು ಅಕ್ಕ ಎಂಬುದನ್ನು ವಯಸ್ಸು ತೀರ್ಮಾನಿಸುವುದಿಲ್ಲ.

ಅವರ ಮನೆಮಾತು ಕನ್ನಡವಲ್ಲ. ಮಲಯಾಳದ ಹತ್ತಿರ ಬರುತ್ತದೆ, ಮಲಯಾಳವೂ ಅಲ್ಲ. ನಮ್ಮೊಡನೆ ತಾಯಿ ಆಡುವುದು ತೋಟದ ಕನ್ನಡ. ಗಿಡ, ಹಣ್ಣು, ಚೀಲ, ಕೂಲಿ, ಮಳೆ ಇಷ್ಟನ್ನು ಸುತ್ತಿಕೊಂಡು ಬರುವ ಕನ್ನಡ. ಲೈನಿನೊಳಗೆ ಮಕ್ಕಳ ಹತ್ತಿರ ಅವಳು ಅವಳ ಭಾಷೆಯನ್ನೇ ಆಡುತ್ತಾಳೆ. ತಾಯಿ ಮಕ್ಕಳ ಹತ್ತಿರ ಆಡಬೇಕಾದ್ದು ಅದೇ ತಾನೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ತೊಂದರೆ ಶುರುವಾಗುವುದು ಒಂದನೇ ಕ್ಲಾಸಿನಲ್ಲಿ. ಅವಳ ದೊಡ್ಡ ಮಗಳನ್ನು ಶಾಲೆಗೆ ಸೇರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ಜಡೆ, ಕೆಂಪು ರಿಬ್ಬನ್, ನಾನೇ ಕೊಡಿಸಿದ ಕೊಡೆ. ಟೀಚರು ಹೆಸರು ಕೇಳಿದರು. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದರು. ಮಕ್ಕಳು ನಕ್ಕರು. ಟೀಚರು ಕೆಟ್ಟವರಲ್ಲ, ಬೈಯಲಿಲ್ಲ, ಹೊಡೆಯಲಿಲ್ಲ, ಮುಂದಿನ ಮಗುವಿಗೆ ಹೋದರು. ಹೀಗೆ ದಿನವೂ ಮುಂದಿನ ಮಗುವಿಗೆ ಹೋಗುತ್ತಲೇ ಇದ್ದರು. ಈ ಹುಡುಗಿ ಶಾಲೆಯಲ್ಲಿ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ. ಆಮೇಲಾಮೇಲೆ ಹೋಗುವುದನ್ನೇ ಬಿಟ್ಟಳು. ಈಗ ಬೆಳೆದು ತಾಯಿಯ ಜೊತೆ ಕಾಫಿ ಕುಯ್ಯುತ್ತಾಳೆ. ಇವತ್ತಿಗೂ ಹೊಸಬರು ಏನಾದರೂ ಕೇಳಿದರೆ ತಾಯಿಯ ಬೆನ್ನಿಗೆ ಸರಿಯುತ್ತಾಳೆ.

ಚಿಕ್ಕವಳು, ನಮ್ಮೆಲ್ಲರ ಬಾಯಲ್ಲಿ ಪುಟ್ಟಿ, ಬಹಳ ತಡವಾಗಿ ಹುಟ್ಟಿದ ಮಗು. ಅವಳಿಗೆ ಮೂರು ತುಂಬುವ ಹೊತ್ತಿಗೇ ತಾಯಿ ನನ್ನ ಹಿತ್ತಲಿಗೆ ಬಂದು ಹೇಳಿದ್ದಳು.

"ಅಕ್ಕ, ದೊಡ್ಡದಕ್ಕೆ ಮಾತ್ ಬರ್‌ಲಿಲ್ಲ, ಅದ್ಕೆ ಸ್ಕೂಲ್ ಬಿಡ್ತ್. ಇದ್ಕೆ ಮೊದ್ಲೇ ಮಾತ್ ಬರಲಿ. ಮತ್ತೆ ಎಂಥ ಬೇಕಾದ್ರೂ ಆಗ್ಲಿ."

ಅಷ್ಟರಲ್ಲೇ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುತ್ತಾರೆ, ಫೀಸು ಇಲ್ಲ, ಬಟ್ಟೆ ಪುಸ್ತಕ ಎಲ್ಲ ಸರ್ಕಾರದ್ದೇ ಎಂಬ ಸುದ್ದಿ ಬಂತು. ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಎಲ್‌ಕೆಜಿ ಎಂದರೆ ಅಲ್ಲಿಯವರೆಗೆ ನಮ್ಮಲ್ಲಿ ಹಳದಿ ವ್ಯಾನು, ಟೈ, ಬೂಟು, ಕಾಫಿ ಮಾರಿದ ದುಡ್ಡಿನಲ್ಲಿ ಕಟ್ಟುವ ಫೀಸು. ಲೈನಿನ ಮಗುವಿಗೆ ಆ ವ್ಯಾನು ರಸ್ತೆಯಲ್ಲಿ ಹೋಗುವುದನ್ನು ನೋಡುವುದಷ್ಟೇ ಉಚಿತವಾಗಿತ್ತು. ಒಂದನೇ ಕ್ಲಾಸಿಗೆ ಮೊದಲು ಎರಡು ವರ್ಷ ಕನ್ನಡ ಕಿವಿಗೆ ಬಿದ್ದರೆ ಈ ಮಗು ತನ್ನ ಹೆಸರನ್ನಾದರೂ ಹೇಳುತ್ತದೆ ಅಂದುಕೊಂಡೆ.

ಆದರೆ ಕ್ಲಾಸು ಸಿಗಬೇಕಾದರೆ ಸಾಕಷ್ಟು ಮಕ್ಕಳಿರಬೇಕು ಎಂದು ಮೇಲಿನಿಂದ ಸೂಚನೆ. ಊರೊಳಗಿನ ಮಕ್ಕಳು ಅಷ್ಟಿರಲಿಲ್ಲ. ಆಗ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಿಗೆ ಲೈನುಗಳ ನೆನಪಾಯಿತು. ಅಧ್ಯಕ್ಷರು ನಮ್ಮ ಬೇಲಿಯಾಚೆಯ ದೊಡ್ಡ ತೋಟದವರು, ನಮ್ಮವರಿಗೆ ದೂರದ ಸಂಬಂಧ, ನಾನು ಅಣ್ಣ ಎಂದೇ ಕರೆಯುವುದು. ಒಳ್ಳೆಯ ಮಾತುಗಾರರು. ಸಾವಿನ ಮನೆಯಿರಲಿ ಮದುವೆ ಮನೆಯಿರಲಿ ಮೈಕು ಸಿಕ್ಕರೆ ಬಿಡುವವರಲ್ಲ. ಆ ಮೇ ತಿಂಗಳಲ್ಲಿ ಅವರು ತಮ್ಮ ಜೀಪಿನಲ್ಲಿ ಹೆಡ್‌ಮಿಸ್ ಅವರನ್ನು ಕೂರಿಸಿಕೊಂಡು ಲೈನಿಂದ ಲೈನಿಗೆ ಹೋದರು. ಅಲ್ಲಿಯವರೆಗೆ ಯಾವ ಲೈನಿನ ಜಗಲಿಯಲ್ಲೂ ಕೂರದವರು ಮಗ್ಗುಲು ಮುರಿದ ಬೆಂಚಿನ ಮೇಲೆ ಕೂತು ಕರಿಕಾಫಿ ಕುಡಿದರು. "ನಿಮ್ಮ ಮಕ್ಕಳು ನಮ್ಮ ಮಕ್ಕಳಿದ್ದ ಹಾಗೆ" ಅಂದರು. ನಮ್ಮ ಲೈನಿಗೆ ಬಂದಾಗ ನಾನೂ ಅಲ್ಲಿದ್ದೆ. ಅವರ ಕಣ್ಣಂಚಿನಲ್ಲಿ ನೀರು ಕಂಡಂತಾಗಿ ನನಗೂ ಕರುಳು ಕರಗಿತು. ಒಲೆಯ ಹೊಗೆಯಿಂದ ಬಂದ ನೀರಿರಬೇಕು ಎಂದು ಈಗ ಅನ್ನಿಸುತ್ತದೆ.

ಲೈನಿನ ಮಕ್ಕಳು ಸೇರಿದ ಮೇಲೆಯೇ ಲೆಕ್ಕ ತುಂಬಿ ಕ್ಲಾಸು ಮಂಜೂರಾಯಿತು. ಇದನ್ನು ಓದುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಜೂನ್‌ನಲ್ಲಿ ಉದ್ಘಾಟನೆ. ಬಲೂನು, ಲಾಡು, ಶಾಲು, ಭಾಷಣ. ಹಳೆಯ ಸ್ಟೋರ್ ರೂಮಿಗೆ ಸುಣ್ಣ ಬಳಿದು ಗೋಡೆ ತುಂಬ ಚಿತ್ರ ಬರೆಸಿದ್ದರು. ಬಾಗಿಲ ಪಕ್ಕದಲ್ಲೇ ಒಂದು ದೊಡ್ಡ ಆನೆ, ಕೆನ್ನೆ ಉಬ್ಬಿಸಿ ನಗುತ್ತಿತ್ತು, ಸೊಂಡಿಲಲ್ಲಿ ಹೂವು ಹಿಡಿದಿತ್ತು. ನಮ್ಮ ಲೈನಿನ ಪುಟ್ಟಿ ಅದನ್ನು ಕಂಡದ್ದೇ ತಾಯಿಯ ಸೀರೆಯೊಳಗೆ ಮುಖ ಹುದುಗಿಸಿದಳು. ಒಳಗೆ ಬರಲೊಲ್ಲಳು. ಆನೆ ಬಂದರೆ ಲೈನಿನಲ್ಲಿ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತ ಮಗು ಅದು. ಅದಕ್ಕೆ ನಗುವ ಆನೆ ಎಲ್ಲಿ ಗೊತ್ತು. ಬಂದಿದ್ದ ಅತಿಥಿಗಳು ನಕ್ಕರು. ಟೀಚರು ಮಾತ್ರ ಅವಳನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಹೊಸದಾಗಿ ನೇಮಕವಾದ ಹುಡುಗಿ, ಗೌರವಧನದ ಮೇಲೆ ಬಂದವಳು. ಅವಳ ಮೇಲೆ ನನಗೆ ಅವತ್ತೇ ಗೌರವ ಬಂತು.

ಮಳೆಗಾಲದ ಆ ತಿಂಗಳುಗಳು ಚೆನ್ನಾಗಿದ್ದವು. ಇಲ್ಲಿ ಜೂನ್, ಜುಲೈ, ಆಗಸ್ಟ್ ಎಂದರೆ ಶಾಲೆಗಿಂತ ಮಳೆ ರಜೆಯೇ ಹೆಚ್ಚು, ಆದರೂ ರಜೆಯಿಲ್ಲದ ದಿನ ತಾಯಿ ತಪ್ಪದೆ ಮಗಳನ್ನು ಬಿಟ್ಟುಬರುತ್ತಿದ್ದಳು. ಶಾಲೆಯಲ್ಲೇ ಬಿಸಿಯೂಟ, ಆಮೇಲೆ ಚಾಪೆಯ ಮೇಲೆ ನಿದ್ದೆ, ದೊಡ್ಡ ಮಕ್ಕಳು ಬಿಡುವ ಹೊತ್ತಿಗೆ ಇವರೂ ಮನೆಗೆ. ತೋಟದಲ್ಲಿ ಆಗ ಕೆಲಸವೂ ಕಮ್ಮಿ. ತಾಯಿ ಕೆಲಸ ಮುಗಿಸಿಯೇ ಹೋಗಿ ಕರೆತರುತ್ತಿದ್ದಳು.

ಒಂದು ಸಂಜೆ ನಾನು ಹಿತ್ತಲಲ್ಲಿ ಕೆಸುವಿನ ಸೊಪ್ಪು ಕುಯ್ಯುತ್ತಿದ್ದೆ. ಹಿಂದಿನಿಂದ ಒಂದು ಸಣ್ಣ ದನಿ, "ಅಜ್ಜಿ, ಕೈ ತೊಳ್ಕೊಂಡ್ರಾ?" ತಿರುಗಿ ನೋಡಿದರೆ ಪುಟ್ಟಿ. ಶಾಲೆಯಲ್ಲಿ ಊಟಕ್ಕೆ ಮೊದಲು ಟೀಚರು ಕೇಳುವ ಮಾತು ಅದು, ಇವಳು ಅದನ್ನು ಲೈನಿನವರೆಗೂ ಹೊತ್ತು ತಂದಿದ್ದಳು. ನಮ್ಮ ನಾಯಿಗೂ ಕೇಳಿದಳು, ನಮ್ಮವರಿಗೂ ಕೇಳಿದಳು. ನಮ್ಮವರು ಕಕ್ಕಾಬಿಕ್ಕಿಯಾಗಿ ಹೋಗಿ ನಿಜವಾಗಿಯೂ ಕೈ ತೊಳೆದುಕೊಂಡು ಬಂದರು. ಅವಳ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಡಿಸೆಂಬರಿನಲ್ಲಿ, ಪುತ್ತರಿ ಹಬ್ಬ ಕಳೆದ ಮೇಲೆ ಶಾಲೆಯಲ್ಲೊಂದು ಸಭೆ ಕರೆದರು. ಹೆಡ್‌ಮಿಸ್ ಕುಶಾಲನಗರದ ಹತ್ತಿರದವರು, ಹಾಸನದಿಂದ ಬಂದು ಅಲ್ಲಿ ಬೇಸಾಯಕ್ಕೆ ನಿಂತ ಮನೆಯವರು. ಅವರು ನೇರವಾಗಿಯೇ ಹೇಳಿದರು.

"ಏನ್ ಮಾಡದು ಹೇಳಿ. ಟೀಚರ್‌ಗೆ ದುಡ್ಡು ಬತ್ತಾ ಐತೆ, ಆಯಾಗೆ ಇಷ್ಟು ದಿನ ಆದ್ರೂ ಬಂದಿಲ್ಲ. ಆಯಮ್ಮ ಸುಮ್ನೆ ಎಷ್ಟು ದಿನ ಅಂತ ಗೇಯ್ತಾಳೆ, ಬಿಟ್ಟು ಹೋದ್ಲು. ಊಟ ಆದ್ಮೇಲೆ ಮಕ್ಳು ಮಲಗ್ತವೆ, ಉಚ್ಚೆ ಹೊಯ್ಕಂತವೆ, ಒಬ್ಬ ಟೀಚರು ಏನಂತ ನೋಡ್ಕತಾಳೆ?"

ಬಣ್ಣಕ್ಕೆ ದುಡ್ಡು ಬಂದಿತ್ತು. ಬ್ಯಾನರಿಗೆ ಬಂದಿತ್ತು. ಹೂ ಹಿಡಿದ ಆನೆಗೂ ಬಂದಿತ್ತು. ಉಚ್ಚೆ ಮಾಡಿಕೊಂಡ ಮಗುವಿನ ಚಡ್ಡಿ ಬದಲಿಸುವ ಕೈಗೆ ಮಾತ್ರ ಬಂದಿರಲಿಲ್ಲ. ಮೇಲೆ ಕೂತು ಯೋಜನೆ ಮಾಡುವವರು ನಾಲ್ಕು ವರ್ಷದ ಮಗುವನ್ನು ಹತ್ತಿರದಿಂದ ನೋಡಿದ್ದಾರೋ ಇಲ್ಲವೋ ಎಂದು ನನಗೆ ಸಂಶಯ.

ಅಧ್ಯಕ್ಷರು ಎದ್ದರು. ಆಯಾಳ ದುಡ್ಡು ಬರುವವರೆಗೆ ಊಟ ಆದ ಕೂಡಲೇ ಚಿಕ್ಕ ಮಕ್ಕಳನ್ನು ಬಿಟ್ಟುಬಿಡುವ, ಅಪ್ಪ ಅಮ್ಮ ಬಂದು ಕರೆದುಕೊಂಡು ಹೋಗಲಿ ಅಂದರು. ಸ್ಕೂಟರು, ಕಾರು ಇದ್ದವರು ತಲೆಯಾಡಿಸಿದರು. ಅವರಲ್ಲಿ ಹೆಚ್ಚಿನವರು ಫೀಸು ಉಳಿಯುತ್ತದೆಂದು ಹಳದಿ ವ್ಯಾನಿನಿಂದ ಇಳಿದು ಬಂದವರು. ಬರಲಿ, ಅವರ ಮಕ್ಕಳಿಗೂ ಹಕ್ಕಿದೆ, ಬೇಡ ಅನ್ನಲು ನಾನು ಯಾರು. ಆದರೆ ಆ ಸಭೆಯಲ್ಲಿ ಲೈನಿನವರು ಒಬ್ಬರೂ ಇರಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ. ಕಾಫಿ ಪಿಕ್ಕಿಂಗ್ ಶುರುವಾದರೆ ಇದು ನಡೆಯುವುದಿಲ್ಲ ಎಂದು ನಾನು ಹೇಳಿದೆ. ಆಗ ನೋಡುವ ಅಂದರು.

ತೋಟದ ಕೆಲಸ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ರೊಬಸ್ಟಾ ಕಾಫಿಯ ಹಣ್ಣು ಕುಯ್ಯುವುದು ಜೋಡಿಯಲ್ಲಿ. ಗಿಡದ ಬುಡಕ್ಕೆ ಟಾರ್ಪಾಲು ಹಾಸುತ್ತಾರೆ. ಆಚೆ ಒಬ್ಬರು ಈಚೆ ಒಬ್ಬರು ನಿಂತು ಕೊಂಬೆಯಿಂದ ಹಣ್ಣು ಉದುರಿಸುತ್ತಾರೆ. ಒಂದು ಗಿಡ ಮುಗಿದರೆ ಇಬ್ಬರೂ ಎರಡೆರಡು ಮೂಲೆ ಹಿಡಿದು, ಹಣ್ಣು ಚೆಲ್ಲದ ಹಾಗೆ, ಟಾರ್ಪಾಲನ್ನು ಮುಂದಿನ ಗಿಡಕ್ಕೆ ಎಳೆಯಬೇಕು. ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಕೆಲಸವೂ ನಿಂತಂತೆಯೇ. ಕೂಲಿ ಸಂಜೆಯ ತೂಕದ ಮೇಲೆ, ಜೋಡಿಗೆ ಒಂದೇ ತೂಕ. ನಮ್ಮ ಲೈನಿನ ತಾಯಿಯ ಜೋಡಿ ಅವಳ ದೊಡ್ಡ ಮಗಳೇ. ತಾಯಿ ಮಧ್ಯಾಹ್ನ ಶಾಲೆಗೆ ಹೋಗಿಬಂದರೆ ಇಬ್ಬರಿಗೂ ಹೊಟ್ಟೆಯ ಮೇಲೆ ಹೊಡೆತ. ವರ್ಷದಲ್ಲಿ ನಾಲ್ಕು ಕಾಸು ಕೂಡಿಸಿಕೊಳ್ಳುವುದಿದ್ದರೆ ಪಿಕ್ಕಿಂಗಿನ ಈ ತಿಂಗಳುಗಳಲ್ಲಿ ಮಾತ್ರ, ಮಳೆಗಾಲವನ್ನು ದಾಟುವುದು ಇದರಿಂದಲೇ.

ಫೀಸು ಇಲ್ಲ, ನಿಜ. ಅದರ ಬದಲಿಗೆ ದಿನಕ್ಕೆ ಇಬ್ಬರ ಅರ್ಧ ಕೂಲಿ. ಇದಕ್ಕೆ ಉಚಿತ ಎಂದು ಯಾವ ಬಾಯಲ್ಲಿ ಹೇಳುವುದು?

ಜನವರಿಯಲ್ಲಿ ತಾಯಿ ಒಂದು ವಾರ ಹಾಗೂ ಹೀಗೂ ಹೋಗಿಬಂದಳು. ಆಮೇಲೆ ನಾನು ನಡೆದುಕೊಂಡು ಹೋಗಿ ಕರೆತರತೊಡಗಿದೆ. ಪುಟ್ಟಿ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು, ಕನ್ನಡ ಅರ್ಧ, ಅವಳದು ಅರ್ಧ. ಅಷ್ಟರಲ್ಲಿ ಕಾಡಿನ ಕಡೆಯಿಂದ ಆನೆಗಳು ಇಳಿದು ರಸ್ತೆಯ ಬದಿಯ ತೋಟ ಹೊಕ್ಕವು. ಯಾರೂ ನಡೆದು ಓಡಾಡಬೇಡಿ ಎಂದು ಅರಣ್ಯದವರು ಮೈಕಿನಲ್ಲಿ ಕೂಗಿಕೊಂಡು ಹೋದರು. ಈ ವರ್ಷ ಇನ್ನು ವಾಹನದಲ್ಲಿ ಬಂದವರ ಜೊತೆ ಮಾತ್ರ ಚಿಕ್ಕ ಮಕ್ಕಳನ್ನು ಕಳಿಸುತ್ತೇವೆ ಎಂದು ಶಾಲೆಯವರು ಹೇಳಿದರು. ಹೇಳಿದ್ದು ಸರಿಯಾಗಿಯೇ ಇತ್ತು. ಆನೆಯೆದುರು ಮಗುವಿನ ಕೈ ಹಿಡಿದು ನಿಲ್ಲುವಷ್ಟು ಜಂಭ ನನಗೂ ಇಲ್ಲ.

ಮನೆಯಲ್ಲಿರುವುದು ನಮ್ಮವರ ಬೈಕು ಒಂದೇ. ಊಟಕ್ಕೆ ಕೂತಾಗ ವಿಷಯ ತೆಗೆದೆ.

"ನಿಂಗೆ ಎಂಥ ಆಕು?" ಅಂದರು. "ಹಣ್ಣ್ ಎಲ್ಲ ನೆಲಕ್ಕೆ ಬೀಳ್ತಾ ಉಟ್ಟು. ನಾ ಕಣ ಬಿಟ್ಟ್ ಹೋದು ಹೆಂಗೆ?"

"ಪುಟ್ಟಿ ಗೂಡೆ ಅಲ್ಲಿ ಕಾಯ್ತಾ ಉಟ್ಟು. ಒಂದ್ ಗಳಿಗೆ ಹೋಗಿ ಬನ್ನಿ."

ಹೋದರು. ಗೊಣಗುತ್ತಲೇ ಕೆಲವು ದಿನ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಹೋಗಿ ಕರೆತಂದರು. ಪುಟ್ಟಿಯನ್ನು ಬೈಕಿನ ಮುಂದೆ ಕೂರಿಸಿಕೊಂಡು ಬರುವಾಗ ಅವರ ಮುಖವೇನೂ ಗೊಣಗುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಅವರು ಶಾಲೆಗೆ ಹೋಗಿದ್ದಾಗ ಮೋಡ ಕವಿದು ಮಳೆ ಹನಿಯಿತು. ಕಣದಲ್ಲಿ ಹರವಿದ್ದ ಕಾಫಿ ಒದ್ದೆಯಾಯಿತು. ಅಲ್ಲಿಗೆ ಅದೂ ನಿಂತಿತು. ನನಗೆ ಅವರ ಮೇಲೆ ಕೋಪ ಬಂತು, ಆದರೆ ಅದು ತಪ್ಪು ವಿಳಾಸಕ್ಕೆ ಹೋದ ಕೋಪ. ಸರ್ಕಾರದ ಒಂದು ಯೋಜನೆ ನಮ್ಮನೆಯ ಹಳೆಯ ಬೈಕಿನ ಮೇಲೆ ಎಷ್ಟು ದಿನ ನಡೆದೀತು? ನಡೆದರೂ ಅದರಲ್ಲಿ ಬರುವುದು ಒಂದು ಮಗು. ಅಧ್ಯಕ್ಷರ ಲೈನಿನ ಮಕ್ಕಳು, ಆಚೆ ತೋಟದ ಲೈನಿನ ಮಕ್ಕಳು ಅಷ್ಟರಲ್ಲಾಗಲೇ ಶಾಲೆ ಬಿಟ್ಟಾಗಿತ್ತು.

ಪುಟ್ಟಿ ಮತ್ತೆ ತೋಟಕ್ಕೆ ಬಂದಳು. ಗಿಡದ ಸಾಲಿನ ಕೊನೆಯಲ್ಲಿ ಗೋಣಿಚೀಲ ಹಾಸಿ ಅವಳನ್ನು ಕೂರಿಸುತ್ತಿದ್ದರು. ಟಾರ್ಪಾಲು ಮುಂದೆ ಹೋದಾಗ ಗೋಣಿಯೂ ಮುಂದೆ ಹೋಗುತ್ತಿತ್ತು. ನಾನು ಹತ್ತು ಗಂಟೆಯ ಕಾಫಿ ತೆಗೆದುಕೊಂಡು ಹೋದರೆ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಮೊದಮೊದಲು "ಕೈ ತೊಳ್ಕೊಂಡ್ರಾ?" ಎಂದು ಕೇಳುತ್ತಿದ್ದಳು. ದಿನ ಕಳೆದ ಹಾಗೆ ಕೇಳುವುದನ್ನು ಬಿಟ್ಟಳು. ಅಕ್ಕನಂತೆಯೇ ಸುಮ್ಮನೆ ನೋಡತೊಡಗಿದಳು. ನನಗೆ ಹೆದರಿಕೆಯಾದದ್ದು ಆಗ. ಬಂದ ಮಾತು ಹೋಗಲು ಹೆಚ್ಚು ಸಮಯ ಬೇಡ.

ಫೆಬ್ರುವರಿಯ ಸಭೆಯಲ್ಲಿ ಗೈರುಹಾಜರಿಯ ಮಾತು ಬಂತು. ಬಾರದ ಮಕ್ಕಳ ಜಾಗವನ್ನು ಕೇಳಿಕೊಂಡು ಬಂದ ಬೇರೆಯವರಿಗೆ ಕೊಟ್ಟರೆ ಮುಂದಿನ ವರ್ಷ ಯುಕೆಜಿಗೆ ಅನುಕೂಲ ಎಂದು ಯಾರೋ ಅಂದರು. ನಾನು ಕಾರಣ ಹೇಳಲು ಎದ್ದು ನಿಂತೆ. ಅಧ್ಯಕ್ಷರು ಕೈಯೆತ್ತಿ ನನ್ನನ್ನು ಕೂರಿಸುವ ಹಾಗೆ ಮಾಡಿ, ಬಹಳ ಮೃದುವಾಗಿ ಹೇಳಿದರು.

"ಅವ್ಕೆ ಆಸಕ್ತಿ ಇಲ್ಲೆ ತಂಗಿ. ನಾವ್ ಎಷ್ಟ್ ಮಾಡಿರೂ ಅಷ್ಟೆ."

ಆಸಕ್ತಿ. ಕೂಲಿ ಅರ್ಧ ಮಾಡಿಕೊಂಡು ಒಂದು ವಾರ ಓಡಿದ ಹೆಂಗಸಿಗೆ ಆಸಕ್ತಿ ಇಲ್ಲ. ಕಾರಿನ ಕೀಲಿ ತಿರುಗಿಸಿ ಬರುವವರಿಗೆ ಆಸಕ್ತಿ ಇದೆ.

"ಮೇ ತಿಂಗ್ಳಲಿ ಅವರ ಜಗಲಿಲಿ ಕೂತ್ ಕಾಫಿ ಕುಡಿಯಕನ ಆಸಕ್ತಿ ಇತ್ತಲ್ಲ ಅಣ್ಣ," ಅಂದೆ. "ಕ್ಲಾಸ್ ಬರೊಕು ಅಂದ್ರೆ ಆ ಮಕ್ಕ ಬೇಕು. ಬಂದ್ ಮೇಲೆ ಅವು ಕೂರ್ದು ಬೊತ್ತಾ?"

ಬೊತ್ತು ಅಂದರೆ ಬೇಡ, ನಮ್ಮ ಅರೆಭಾಷೆಯಲ್ಲಿ. ಯಾರೋ ಕೆಮ್ಮಿದರು. ಹೆಡ್‌ಮಿಸ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಅಧ್ಯಕ್ಷರಿಗೆ ಸಿಟ್ಟು ಬಂದದ್ದು ಕತ್ತಿನಲ್ಲಿ ಕಾಣುತ್ತಿತ್ತು, ಆದರೂ ನಕ್ಕರು. ಗಾಳಿಬೀಡಿನ ಖಾರ ಇನ್ನೂ ಇಳಿದಿಲ್ಲ ಎಂದರು. ಎಲ್ಲರೂ ನಕ್ಕು ಸಭೆ ಮುಗಿಯಿತು. ನಮ್ಮ ಕಡೆ ಹೆಂಗಸಿನ ಮಾತನ್ನು ಮುಗಿಸುವ ರೀತಿ ಇದು, ಅವಳ ಸ್ವಭಾವದ ಬಗ್ಗೆ ಒಂದು ತಮಾಷೆ ಮಾಡಿಬಿಡುವುದು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಜೀಪಿನ ಹಾರ್ನು ಕೇಳಿಸಿತು. ನಮ್ಮ ತೋಟದಲ್ಲಿ ಆಗಿನ್ನೂ ಕೊನೆಯ ಸುತ್ತಿನ ಕುಯ್ಲು ನಡೆಯುತ್ತಿತ್ತು. ಅಧ್ಯಕ್ಷರೇ ಸ್ವತಃ ಇಳಿದು ಬಂದರು. ಜೀಪಿನ ಹಿಂದೆ ಅವರ ಲೈನಿನ ಮಕ್ಕಳು, ತಲೆ ಬಾಚಿಸಿಕೊಂಡು, ಸಾಲಾಗಿ ಕೂತಿದ್ದವು. ಮೇಲಿನಿಂದ ಸಾಹೇಬರು ಎಲ್‌ಕೆಜಿ ನೋಡಲು ಬರುತ್ತಿದ್ದರಂತೆ. ಕ್ಲಾಸು ತುಂಬಿರಬೇಕಂತೆ. ಮಕ್ಕಳಿಗೆ ಡಿಗ್ರಿ ಪಡೆಯುವವರ ಹಾಗೆ ಕಪ್ಪು ಗೌನು ತೊಡಿಸಿ ಟೋಪಿ ಹಾಕಿಸಿ ಫೋಟೋ ತೆಗೆಸುತ್ತಾರಂತೆ.

ಇಡೀ ಪಿಕ್ಕಿಂಗ್ ಸೀಸನ್ನಿನಲ್ಲಿ ಒಂದೇ ಒಂದು ಮಧ್ಯಾಹ್ನ ಈ ಕಡೆ ತಿರುಗದ ಜೀಪು. ಆನೆ ಓಡಾಡಿದ ದಿನಗಳಲ್ಲೆಲ್ಲ ಅವರ ಅಂಗಳದ ಶೆಡ್ಡಿನಲ್ಲಿ ನಿಂತೇ ಇದ್ದ ಜೀಪು.

ಅವರು ಪುಟ್ಟಿಯ ಗೋಣಿಯ ಹತ್ತಿರ ಬಗ್ಗಿ, "ಬಾ ಮಗಳೇ, ಸ್ಕೂಲಿಗೆ ಹೋಗುವ" ಅಂದರು.

ಪುಟ್ಟಿ ಅವರನ್ನೂ ಜೀಪನ್ನೂ ನೋಡಿದಳು. ಅವಳ ತಾಯಿ, ಅಕ್ಕ ಟಾರ್ಪಾಲಿನ ಮೂಲೆ ಹಿಡಿದುಕೊಂಡೇ ನಿಂತಿದ್ದರು. ಎಷ್ಟೋ ದಿನದ ಮೇಲೆ ಪುಟ್ಟಿ ಕನ್ನಡದಲ್ಲಿ ಬಾಯಿಬಿಟ್ಟಳು.

"ನಾಳೆನೂ ಬರ್ತೀರಾ?"

"ಬರ್ತೇನೆ, ಬರ್ತೇನೆ," ಎಂದು ಅವರು ಅವಳನ್ನು ಎತ್ತಿ ಜೀಪಿನಲ್ಲಿ ಕೂರಿಸಿದರು. ಮಕ್ಕಳ ಹತ್ತಿರ ದೊಡ್ಡವರು ಹೇಳಿಬಿಡುವ ಮಾತು. ಜೀಪು ತಿರುವು ದಾಟುವ ಮೊದಲೇ ಅವರಿಗೆ ಅದು ಮರೆತಿರಬೇಕು.

ಸಂಜೆ ಪುಟ್ಟಿಯನ್ನು ಜೀಪಿನಲ್ಲೇ ತಂದು ಬಿಟ್ಟರು. ಟೋಪಿ ಗೌನು ವಾಪಸ್ ತೆಗೆದುಕೊಂಡಿದ್ದರು, ಬಾಡಿಗೆಯದಂತೆ. ಕೈಯಲ್ಲಿ ಒಂದು ಚಾಕಲೇಟು ಇತ್ತು. ಸಾಹೇಬರು ಬಂದು ಕ್ಲಾಸು ನೋಡಿ ಸಂತೋಷಪಟ್ಟು ಹೋದರೆಂದು ಆಮೇಲೆ ಕೇಳಿದೆ.

ಮರುದಿನ ಬೆಳಿಗ್ಗೆ ನಾನು ಹಾಲು ಡೈರಿಗೆ ಕೊಟ್ಟು ಬರುವಾಗ ನಮ್ಮ ಗೇಟಿನ ಕಲ್ಲಿನ ಮೇಲೆ ಪುಟ್ಟಿ ಕೂತಿದ್ದಳು. ತಲೆ ಬಾಚಿಕೊಂಡು, ಎಣ್ಣೆ ಕೆನ್ನೆಗೂ ಇಳಿದು, ಚೀಲ ಬೆನ್ನಿಗೆ ಹಾಕಿಕೊಂಡು. ರಸ್ತೆಯಲ್ಲಿ ಯಾವುದೋ ಗಾಡಿಯ ಸದ್ದಾಯಿತು, ಎದ್ದು ನಿಂತಳು. ಮೀನಿನ ಗಾಡಿ. ಮತ್ತೆ ಕೂತಳು.

ತಾಯಿ ತೋಟದಿಂದ ಎರಡು ಸಲ ಕರೆದಳು. ಅವಳು ಅಲ್ಲಾಡಲಿಲ್ಲ. ನನ್ನನ್ನು ನೋಡಿ ಹೇಳಿದಳು, "ಬರ್ತಾರೆ."

ನಾನು ಹಾಲಿನ ಕ್ಯಾನನ್ನು ಗೇಟಿನ ಬುಡದಲ್ಲೇ ಬಿಟ್ಟೆ. ಅವಳ ಕೈ ಹಿಡಿದೆ. ಬೇಲಿಯಲ್ಲಿ ಆಚೆ ಹೋಗಲು ಬಿಟ್ಟಿರುವ ಕಡವು ದಾಟಿದರೆ ಅಧ್ಯಕ್ಷರ ತೋಟ, ಅಲ್ಲಿಂದ ಒಳದಾರಿಯಲ್ಲಿ ಅವರ ಮನೆ. ತಾಯಿ ಟಾರ್ಪಾಲು ಬಿಟ್ಟು ಓಡಿಬಂದಳು. "ಬೇಡ ಅಕ್ಕ, ಅವರ್ ಬೈತಾರೆ," ಅಂದಳು. ಬೈದರೆ ನನಗೆ ಬೈಯಲಿ ಅಂದೆ. ಅವಳು ಮಗಳ ಮುಖವನ್ನು ಸೆರಗಿನಿಂದ ಒರೆಸಿ, ಬಿಟ್ಟುಕೊಟ್ಟಳು.

ಅಧ್ಯಕ್ಷರು ಅಂಗಳದ ಕುರ್ಚಿಯಲ್ಲಿ ಕಡುಬು ತಿನ್ನುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಸೊಸೆ. ತೂಕದ ಪಟ್ಟಿ ಹಿಡಿದು ರೈಟರು ಮೆಟ್ಟಿಲ ಬಳಿ ನಿಂತಿದ್ದ. ನಾನು ನಮಸ್ಕಾರವನ್ನೂ ಹೇಳಲಿಲ್ಲ. ಪುಟ್ಟಿಯನ್ನು ಅವರ ಎದುರು ನಿಲ್ಲಿಸಿದೆ.

"ಇವತ್ ಬರ್ತೇನೆ ಅಂತ ಹೇಳಿದ್ರಂತೆ ಅಣ್ಣ. ಬೊಳ್‌ಬೊಳಿಗ್ಗೆಯಿಂದ ಗೇಟ್‌ಲಿ ಕಾಯ್ತಾ ಉಟ್ಟು."

ಅವರು ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು. ನನ್ನ ಮಾತನ್ನು ತಮಾಷೆ ಮಾಡಿ ಮುಗಿಸುವುದು ಅವರಿಗೆ ಕಷ್ಟವಲ್ಲ. ಆದರೆ ಎಣ್ಣೆ ಹಚ್ಚಿ ಬಾಚಿದ ಆ ತಲೆಯ ಮುಂದೆ ಯಾವ ತಮಾಷೆಯೂ ಅವರ ಬಾಯಿಗೆ ಬರಲಿಲ್ಲ. ಹೆಂಡತಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು, "ಹೋಗಿ ಬಿಟ್ಟ್ ಬನ್ನಿ," ಅಂದರು. ಅವರು ಕೈ ತೊಳೆದುಕೊಳ್ಳದೆಯೇ ಎದ್ದರು. ಪುಟ್ಟಿ ಅದನ್ನು ಗಮನಿಸಿದ್ದನ್ನು ನಾನು ನೋಡಿದೆ. ಏನೋ ಕೇಳಲು ಬಾಯಿ ತೆರೆದು ಸುಮ್ಮನಾದಳು.

ಶೆಡ್ಡಿನಿಂದ ಜೀಪು ಬಂತು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಧ್ಯಕ್ಷರು ಗೇರು ಹಾಕುವುದರಲ್ಲಿದ್ದರು. ಆಗ ಅವಳು ಅವರ ಕಡೆ ತಿರುಗಿ, ಒಂದಕ್ಷರವೂ ತಡವರಿಸದೆ ಕೇಳಿದಳು.

"ಮಧ್ಯಾಹ್ನ ಯಾರು ಬರ್ತಾರೆ?"

ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಅಧ್ಯಕ್ಷರು ನನ್ನ ಕಡೆ ನೋಡಿದರು. ಸೊಸೆ, ರೈಟರು ಎಲ್ಲರೂ ನನ್ನ ಕಡೆಯೇ ನೋಡಿದರು. ನಮ್ಮವರನ್ನು ಬೈಕಿನಲ್ಲಿ ಕಳಿಸುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಎಲ್ಲರಿಗೂ ಎಷ್ಟು ಹಗುರಾಗುತ್ತಿತ್ತು. ನಾನು ಅದನ್ನು ನುಂಗಿಕೊಂಡು ಬಾಯಿ ಮುಚ್ಚಿ ನಿಂತೆ. ಪ್ರಶ್ನೆ ಕೇಳಿದ್ದು ನನ್ನನ್ನಲ್ಲ. ಪುಟ್ಟಿ ಅವರ ಮುಖದಿಂದ ಕಣ್ಣು ತೆಗೆಯದೆ ಕಾಯುತ್ತಿದ್ದಳು.